ಅಂಗಡಿಯ ಭರವಸೆಯೂ ತಯಾರಕರ ಭರವಸೆಯೂ: ಆಟದ ಸಾಮಾನು ಕೊಳ್ಳುವವರಿಗೆ ಒಂದು ಪಾಠ

ನಮ್ಮ ಶಾಲೆಯ ಆಟದ ಕೋಣೆಯ ಮೂಲೆಯಲ್ಲಿ ಒಂದು ವಾಲಿಬಾಲ್ ಇದೆ. ಅದರ ಒಂದು ಪಕ್ಕ ಉಬ್ಬಿಕೊಂಡಿದೆ. ಹೊಡೆದರೆ ನೇರವಾಗಿ ಹೋಗುವುದಿಲ್ಲ. ಎಂಟನೆಯ ತರಗತಿಯ ಮಕ್ಕಳು ಅದಕ್ಕೆ 'ಸೊಟ್ಟಪ್ಪ' ಎಂದು ಹೆಸರಿಟ್ಟಿದ್ದಾರೆ. ಪಂದ್ಯಕ್ಕೆ ಬಾರದಿದ್ದರೂ ಆ ಚೆಂಡನ್ನು ನಾವು ಬಿಸಾಡಿಲ್ಲ. ಅದು ಆಟೋಟ ವಿಭಾಗದ ನಮಗೆ ಒಂದು ಪಾಠವನ್ನು ಕಲಿಸಿತು. ವಿದ್ಯಾರ್ಥಿಗಳಿಗೂ ಅವರ ತಂದೆತಾಯಿಗಳಿಗೂ ಉಪಯೋಗವಾಗಬಹುದೆಂದು ಆ ಪಾಠವನ್ನು ಇಲ್ಲಿ ಬರೆಯುತ್ತಿದ್ದೇವೆ.

ಕಳೆದ ವರ್ಷ ಜೂನ್ ತಿಂಗಳಲ್ಲಿ ಹಳೆಯ ವಿದ್ಯಾರ್ಥಿಗಳು ಕೊಟ್ಟ ಹಣಕ್ಕೆ ಮಕ್ಕಳು ವಾರಕ್ಕೆ ಐದು ರೂಪಾಯಿಯಂತೆ ಕೂಡಿಸಿದ ಹಣವನ್ನೂ ಸೇರಿಸಿ ಆಟದ ಸಾಮಾನು ಕೊಳ್ಳಲು ಹೊರಟೆವು. ತಿಗನಾರೆಯಲ್ಲಿರುವ ನಮಗೆ ಇಂಥ ಕೆಲಸಕ್ಕೆ ಎರಡೇ ದಾರಿ. ಒಂದು, ಗಡಿ ದಾಟಿ ಚಾಮರಾಜನಗರ, ಮೈಸೂರುಗಳ ಕಡೆಗೆ ಹೋಗುವುದು. ಇನ್ನೊಂದು, ದಿಂಬಂ ಘಟ್ಟದ 27 ತಿರುವುಗಳನ್ನಿಳಿದು ಸತ್ಯಮಂಗಲ, ಈರೋಡುಗಳ ಕಡೆಗೆ ಹೋಗುವುದು. ನಾವು ಬಸ್ಸು ಹಿಡಿದು ಒಂದು ಪಟ್ಟಣಕ್ಕೆ ಹೋಗಿ, ಅಲ್ಲಿಯ ಎರಡು ಅಂಗಡಿಗಳಲ್ಲಿ ಒಂದು ವಾಲಿಬಾಲ್, ಎರಡು ಬ್ಯಾಡ್ಮಿಂಟನ್ ರಾಕೆಟ್ ಹಾಗೂ ಒಂದು ಕ್ರಿಕೆಟ್ ಬ್ಯಾಟು ಕೊಂಡು ಬಂದೆವು. ದಸರಾ ರಜೆಯ ಹೊತ್ತಿಗೆ ಇವುಗಳಲ್ಲಿ ಮೂರು ಸಾಮಾನು ಕೆಟ್ಟಿದ್ದವು. ಒಂದೊಂದರ ಕಥೆಯೂ ಒಂದೊಂದು ಬಗೆಯಾಯಿತು.

ಮೊದಲನೆಯದು ಬ್ಯಾಟು. ಎಂಟನೆಯ ದಿನವೇ ಅದರ ಹಿಡಿ ಸಡಿಲವಾಯಿತು. ಅದನ್ನು ಮಾರಿದ ಹಿರಿಯರು ಬಿಲ್ಲಿನ ಹಿಂಬದಿಯಲ್ಲಿ 'ಒಂದು ತಿಂಗಳೊಳಗೆ ಹಿಡಿ ಬಿಟ್ಟರೆ ಬದಲಿ ಕೊಡಲಾಗುವುದು' ಎಂದು ಬರೆದು ಸಹಿ ಹಾಕಿದ್ದರು. ಬಿಲ್ಲು ತೋರಿಸಿದೊಡನೆ ಬೇರೆ ಬ್ಯಾಟು ಕೊಟ್ಟರು.

ಎರಡನೆಯದು ರಾಕೆಟ್. ಅದರೊಂದಿಗೆ ತಯಾರಕರ ವಾರಂಟಿ ಚೀಟಿ ಇತ್ತು. ಅಂಗಡಿಯ ಮೊಹರೂ ಇತ್ತು. ಎರಡು ತಿಂಗಳಿಗೆ ಅದರ ಚೌಕಟ್ಟು ಮುರಿಯಿತು. ಕಂಪನಿಗೆ ಕಳುಹಿಸಿದೆವು. ಅದು ಹೋದಂತೆಯೇ ಹಿಂದಿರುಗಿತು. ಕಾರಣ, ರಾಕೆಟ್ಟಿನ ಮೇಲೆ 20ರಿಂದ 24 ಪೌಂಡು ಬಿಗಿತವೆಂದು ಅಚ್ಚಾಗಿತ್ತು. ನಾವು ಹೊಸದಾಗಿ ಗಟ್ ಹಾಕಿಸುವಾಗ, 'ಬಿಗಿಯಾಗಿದ್ದರೆ ಹೊಡೆತ ಚೆನ್ನಾಗಿ ಬರುತ್ತದೆ' ಎಂದು ಯಾರೋ ಹೇಳಿದ್ದನ್ನು ನಂಬಿ 28 ಪೌಂಡಿಗೆ ಬಿಗಿಸಿದ್ದೆವು. ತಪ್ಪು ನಮ್ಮದೇ ಆಗಿತ್ತು.

ಮೂರನೆಯದು ವಾಲಿಬಾಲ್. ಕೊಳ್ಳುವಾಗ ಅಂಗಡಿಯವರು, "ಒಂದು ತಿಂಗ್ಳು ನನ್ ಗ್ಯಾರಂಟಿ ಮೇಷ್ಟ್ರೇ, ಏನಾದ್ರೂ ಆದ್ರೆ ತನ್ನಿ" ಎಂದಿದ್ದರು. ಬಿಲ್ಲು ಬೇಡವಾದರೆ 40 ರೂಪಾಯಿ ಕಡಿಮೆ ಎಂದೂ ಹೇಳಿದ್ದರು. ನಾವು ಆ 40 ರೂಪಾಯಿಗೆ ಆಸೆಪಟ್ಟೆವು. ಮೂರನೆಯ ವಾರದಲ್ಲಿ ಚೆಂಡು ಉಬ್ಬಿತು. ಹೊತ್ತುಕೊಂಡು ಹೋದಾಗ ಅದೇ ಅಂಗಡಿಯವರು, "ಚೆಂಡು ಮಾಡ್ದೋನು ನಾನಲ್ಲ, ಕಂಪನಿಯೋರ್ನ ಕೇಳಿ" ಎಂದರು. ಡಬ್ಬಿಯ ಮೇಲಿದ್ದ ಸಂಖ್ಯೆಗೆ ಫೋನು ಮಾಡಿದರೆ ಕಂಪನಿಯವರು ಬಿಲ್ಲು ಕೇಳಿದರು. ಬಿಲ್ಲು ಇರಲಿಲ್ಲ. ಹಣವನ್ನು ನಗದಾಗಿ ಕೊಟ್ಟಿದ್ದರಿಂದ ಬ್ಯಾಂಕಿನ ಲೆಕ್ಕದಲ್ಲಿಯೂ ಗುರುತಿರಲಿಲ್ಲ. ಹೀಗೆ 40 ರೂಪಾಯಿ ಉಳಿಸಲು ಹೋಗಿ 650 ರೂಪಾಯಿಯ ಚೆಂಡನ್ನು ಕಳೆದುಕೊಂಡೆವು. ಆ ಹಣದಲ್ಲಿ ಮಕ್ಕಳ ಐದೈದು ರೂಪಾಯಿಗಳೂ ಇದ್ದವು ಎಂಬುದು ನಮ್ಮನ್ನು ಹೆಚ್ಚು ನೋಯಿಸಿತು.

ಪೋಷಕರ ಸಭೆಯಲ್ಲಿ ಈ ಲೆಕ್ಕವನ್ನು ಒಪ್ಪಿಸಿದಾಗ ಕೋಸು ಬೆಳೆಯುವ ಒಬ್ಬ ತಂದೆ ಎದ್ದು ನಿಂತು, "ಮಾತು ಕೊಟ್ಟೋರು ಅಂಗಡಿಯೋರು, ಚೀಟಿ ಕೊಡೋರು ಕಂಪನಿಯೋರು. ಇಬ್ರೂ ಬೇರೆಬೇರೆ ಅಲ್ವಾ ಮೇಷ್ಟ್ರೇ? ಯಾರ್ದು ಯಾವ್ದು ಅಂತ ಮೊದ್ಲೇ ಕೇಳ್ಬೇಕಿತ್ತು" ಎಂದರು. ನಾವು ಹೇಳಬೇಕಾದ ಪಾಠ ಆ ಮಾತಿನಲ್ಲಿಯೇ ಇದೆ.

ಭರವಸೆಯ ಮೂರು ಬಗೆ

ಒಂದು ಸಾಮಾನು ಕೊಂಡಾಗ ನಮಗೆ ಮೂರು ಕಡೆಯಿಂದ ಭರವಸೆ ದೊರೆಯಬಹುದು: ಅಂಗಡಿಯವರಿಂದ, ತಯಾರಿಸಿದ ಕಂಪನಿಯಿಂದ, ದೇಶದ ಕಾನೂನಿನಿಂದ. ಮೊದಲನೆಯ ಎರಡು ಅವರವರ ಇಷ್ಟಕ್ಕೆ ಬಿಟ್ಟದ್ದು. ಕೊಡಬಹುದು, ಕೊಡದೆಯೂ ಇರಬಹುದು. ಆದರೆ ಒಮ್ಮೆ ಕೊಟ್ಟ ಮೇಲೆ ಅದಕ್ಕೆ ಕಟ್ಟುಬಿದ್ದಿರಬೇಕು. ಮೂರನೆಯದು ಯಾರೂ ಕೇಳದಿದ್ದರೂ ಇರುವಂಥದು.

ಮಾತಿನ ರೂಢಿಯಲ್ಲಿ 'ಗ್ಯಾರಂಟಿ' ಎಂದರೆ ಸಾಮಾನನ್ನೇ ಬದಲಿಸಿ ಕೊಡುವುದು, 'ವಾರಂಟಿ' ಎಂದರೆ ರಿಪೇರಿ ಮಾಡಿಕೊಡುವುದು ಎಂಬ ಭಾವನೆ ಇದೆ. ಈ ಪದಗಳನ್ನು ನಂಬಿ ಕೂಡಬಾರದು. ಹೆಸರು ಏನೇ ಇರಲಿ, ಬದಲಿಯೋ, ರಿಪೇರಿಯೋ, ಹಣ ವಾಪಸೋ, ಎಷ್ಟು ದಿನದವರೆಗೆ, ಯಾವ ದೋಷಕ್ಕೆ, ಯಾರು ಕೊಡುವವರು ಎಂಬುದನ್ನು ಬರಹದಲ್ಲಿ ನೋಡಿಕೊಳ್ಳಬೇಕು.

ಅಂಗಡಿಯ ಭರವಸೆ

ಅಂಗಡಿಯ ಭರವಸೆಯ ದೊಡ್ಡ ಗುಣ ಹತ್ತಿರ. ಕೊಂಡ ಜಾಗಕ್ಕೇ ಹೋಗಿ ಮುಖ ನೋಡಿ ಕೇಳಬಹುದು. ಅಂಚೆ ಖರ್ಚಿಲ್ಲ, ತಿಂಗಳುಗಟ್ಟಲೆ ಕಾಯುವುದಿಲ್ಲ. ನಮ್ಮ ಬ್ಯಾಟಿನ ವಿಷಯದಲ್ಲಿ ಆದಂತೆ ಐದು ನಿಮಿಷದಲ್ಲಿ ಕೆಲಸ ಮುಗಿಯಬಹುದು.

ಅದರ ಕೊರತೆಗಳೂ ಇವೆ. ಸಾಮಾನ್ಯವಾಗಿ ಅದರ ಅವಧಿ ಕಡಿಮೆ: ಒಂದು ವಾರ, ಹದಿನೈದು ದಿನ, ಹೆಚ್ಚೆಂದರೆ ಕೆಲವು ತಿಂಗಳು. ಅಂಗಡಿ ಮುಚ್ಚಿದರೆ ಆ ಭರವಸೆಯನ್ನು ಕೇಳಲು ಆಳಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ ಅದು ಹಲವು ಬಾರಿ ಬಾಯಿಮಾತಿನಲ್ಲಿಯೇ ಉಳಿಯುತ್ತದೆ. ಬಾಯಿಮಾತೂ ಮಾತೇ, ಆದರೆ ನಾಳೆ ಅದನ್ನು ತೋರಿಸುವುದು ಹೇಗೆ?

ಕೆಲವು ದೊಡ್ಡ ಅಂಗಡಿಗಳು ಹೆಚ್ಚಿನ ಹಣ ಪಡೆದು ಹೆಚ್ಚಿನ ವರ್ಷಗಳ ವಾರಂಟಿ ಮಾರುವುದುಂಟು. ವ್ಯಾಯಾಮದ ಯಂತ್ರಗಳಂಥ ಬೆಲೆಬಾಳುವ ಸಾಮಾನಿಗೆ ಇದನ್ನು ಹೇಳುತ್ತಾರೆ. ಆಗ ಎರಡು ವಿಷಯ ವಿಚಾರಿಸಬೇಕು. ಅದು ತಯಾರಕರ ವಾರಂಟಿ ಮುಗಿದ ಮೇಲೆ ಪ್ರಾರಂಭವಾಗುವುದೋ, ಅಥವಾ ಅದರ ಜೊತೆಗೇ ಓಡುವುದೋ? ಜೊತೆಗೇ ಓಡುವುದಾದರೆ ಒಂದೇ ಅವಧಿಗೆ ಎರಡು ಬಾರಿ ಹಣ ಕೊಟ್ಟಂತಾಗಬಹುದು. ಎರಡನೆಯದಾಗಿ, ಅದಕ್ಕೆ ಹೊಣೆ ಅಂಗಡಿಯೋ, ಬೇರೊಂದು ಸಂಸ್ಥೆಯೋ?

ತಯಾರಕರ ಭರವಸೆ

ನಮ್ಮ ದೇಶದಲ್ಲಿ ಆಟದ ಸಾಮಾನು ತಯಾರಿಕೆಗೆ ಪಂಜಾಬಿನ ಜಲಂಧರ್ ಮತ್ತು ಉತ್ತರ ಪ್ರದೇಶದ ಮೀರತ್ ಹೆಸರಾದ ಊರುಗಳು. 1947ರಲ್ಲಿ ದೇಶ ವಿಭಜನೆಯಾದಾಗ ಸಿಯಾಲಕೋಟೆಯಿಂದ ಬಂದ ಕುಶಲಕರ್ಮಿಗಳು ಹಾಗೂ ವ್ಯಾಪಾರಿಗಳು ಈ ಊರುಗಳಲ್ಲಿ ನೆಲೆಸಿ ಈ ಕಸುಬನ್ನು ಬೆಳೆಸಿದರು. ಕಾಶ್ಮೀರದ ವಿಲೋ ಮರದಿಂದ ಬ್ಯಾಟು ಮಾಡುವ ಕಾರ್ಖಾನೆಗಳು ಅನಂತನಾಗ್ ಜಿಲ್ಲೆಯಲ್ಲಿವೆ. ನಾವು ಕೊಳ್ಳುವ ಚೆಂಡನ್ನೋ ಬ್ಯಾಟನ್ನೋ ಮಾಡಿದವರು ಬಹುಮಟ್ಟಿಗೆ ಇಷ್ಟು ದೂರದವರು. ಅವರನ್ನು ನಾವು ಕಾಣುವಂತಿಲ್ಲ. ಅವರ ಚೀಟಿಯನ್ನು ಮಾತ್ರ ಕಾಣಬಹುದು.

ಆ ಚೀಟಿಯ ಗುಣವೆಂದರೆ ಅದು ಅಚ್ಚಿನಲ್ಲಿರುತ್ತದೆ, ಅವಧಿ ಸ್ಪಷ್ಟವಾಗಿರುತ್ತದೆ, ಮಾರಿದ ಅಂಗಡಿ ಮುಚ್ಚಿದರೂ ಕಂಪನಿಯ ಹೊಣೆ ಉಳಿಯುತ್ತದೆ. ಆದರೆ ಅದರ ವ್ಯಾಪ್ತಿ ಕಿರಿದು. ಸಾಮಾನ್ಯವಾಗಿ 'ತಯಾರಿಕೆಯ ದೋಷಕ್ಕೆ ಮಾತ್ರ' ಎಂದಿರುತ್ತದೆ. ಅಧಿಕೃತ ಮಾರಾಟಗಾರರಿಂದಲೇ ಕೊಂಡಿರಬೇಕು, ಚೀಟಿಯ ಮೇಲೆ ತಾರೀಕು ಮತ್ತು ಮೊಹರು ಇರಬೇಕು, ಕಳುಹಿಸುವ ಖರ್ಚು ಕೊಂಡವರದು ಎಂಬಂಥ ಷರತ್ತುಗಳೂ ಇರುತ್ತವೆ. ಸಣ್ಣ ಅಕ್ಷರಗಳಲ್ಲಿರುವ ಈ ಷರತ್ತುಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುವುದರಿಂದ ನಮ್ಮ ಮನೆಗಳಲ್ಲಿ ಓದುವವರು ಕಡಿಮೆ. ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಆ ಚೀಟಿಯನ್ನು ಓದಿ ತಂದೆತಾಯಿಗಳಿಗೆ ಕನ್ನಡದಲ್ಲಿ ಹೇಳಿದರೆ ಇಂಗ್ಲಿಷ್ ಪಾಠಕ್ಕೂ ಒಳ್ಳೆಯ ಅಭ್ಯಾಸವಾಗುತ್ತದೆ.

ಕಾನೂನಿನ ಭರವಸೆ

ಚೀಟಿಯಲ್ಲಿ ಬರೆದಿಲ್ಲವೆಂಬ ಕಾರಣಕ್ಕೆ ಕೊಳ್ಳುವವನ ಹಕ್ಕು ಇಲ್ಲವಾಗುವುದಿಲ್ಲ. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ, ಒಂದು ಬಗೆಯ ಸಾಮಾನನ್ನು ಮಾರುವುದನ್ನೇ ಕಸುಬಾಗಿಸಿಕೊಂಡ ವ್ಯಾಪಾರಿಯಿಂದ ಇಂಥ ಸಾಮಾನು ಎಂಬ ವಿವರಣೆಯ ಮೇಲೆ ಕೊಂಡರೆ, ಅದು ಮಾರಾಟಕ್ಕೆ ಯೋಗ್ಯವಾದ ಗುಣಮಟ್ಟದ್ದಾಗಿರಬೇಕು. ಆದರೆ ಕೊಳ್ಳುವವನು ಸಾಮಾನನ್ನು ಪರೀಕ್ಷಿಸಿ ನೋಡಿದ್ದರೆ, ಆಗ ಕಣ್ಣಿಗೆ ಬೀಳಬೇಕಾಗಿದ್ದ ದೋಷದ ಬಗ್ಗೆ ಅನಂತರ ಈ ನಿಯಮದಡಿ ತಕರಾರು ಹೇಳುವಂತಿಲ್ಲ. ಆದ್ದರಿಂದ ಅಂಗಡಿಯಲ್ಲಿ ನೋಡುವುದಾದರೆ ಚೆನ್ನಾಗಿ ನೋಡಬೇಕು.

ಗ್ರಾಹಕರ ರಕ್ಷಣೆಗಾಗಿಯೇ 1986ರಲ್ಲಿ ಒಂದು ಕಾಯಿದೆ ಬಂದಿತು. ಅದಕ್ಕೆ ರಾಷ್ಟ್ರಪತಿಗಳ ಒಪ್ಪಿಗೆ ದೊರೆತ ಡಿಸೆಂಬರ್ 24ನ್ನು ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುತ್ತೇವೆ. ಅದರ ಸ್ಥಾನದಲ್ಲಿ ಈಗ 2019ರ ಗ್ರಾಹಕ ಸಂರಕ್ಷಣಾ ಕಾಯಿದೆ ಇದೆ. ಇದು 2020ರ ಜುಲೈ 20ರಂದು ಜಾರಿಗೆ ಬಂದಿತು. ನಮ್ಮ ವಿಷಯಕ್ಕೆ ಬೇಕಾದ ನಾಲ್ಕು ಅಂಶಗಳು ಅದರಲ್ಲಿವೆ.

1. ಹಣ ಕೊಟ್ಟು ಕೊಂಡವನಷ್ಟೇ ಅಲ್ಲ, ಅವನ ಒಪ್ಪಿಗೆಯಿಂದ ಆ ಸಾಮಾನನ್ನು ಬಳಸುವವನೂ ಗ್ರಾಹಕನೇ. ತಂದೆ ಕೊಂಡ ಬ್ಯಾಟಿನಲ್ಲಿ ಆಡುವ ಮಗನೂ ಗ್ರಾಹಕ.

2. ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿ ಎನಿಸುತ್ತದೆ.

3. ದೋಷವಿರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳಿಲ್ಲದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದೂ ಅನುಚಿತ ವ್ಯಾಪಾರ ಪದ್ಧತಿಯೇ.

4. ದೋಷವುಳ್ಳ ಸಾಮಾನಿನಿಂದ ಯಾರಿಗಾದರೂ ಪೆಟ್ಟಾದರೆ, ಉದಾಹರಣೆಗೆ ಹಿಡಿ ಕಳಚಿ ಬ್ಯಾಟು ಹಾರಿ ಮಗುವಿಗೆ ತಗುಲಿದರೆ, ತಯಾರಕರನ್ನು ಹೊಣೆ ಮಾಡಬಹುದು. ತಯಾರಕರ ಭರವಸೆಯ ಹೊರತಾಗಿ ಮಾರಾಟಗಾರರು ತಾವೇ ಬೇರೊಂದು ಭರವಸೆ ಕೊಟ್ಟಿದ್ದು, ಸಾಮಾನು ಅದಕ್ಕೆ ತಕ್ಕಂತೆ ಇಲ್ಲದಿದ್ದರೆ ಅವರೂ ಹೊಣೆಯಾಗುತ್ತಾರೆ. ತಯಾರಿಸಿದವರು ಯಾರೆಂದೇ ತಿಳಿಯದಿದ್ದಾಗಲೂ ಮಾರಿದವರನ್ನು ಕೇಳಬಹುದು. ಬಳಸಿದವರೇ ಸಾಮಾನನ್ನು ದುರುಪಯೋಗ ಮಾಡಿದ್ದರೆ ಮಾರಾಟಗಾರರನ್ನು ಹೊಣೆ ಮಾಡುವಂತಿಲ್ಲ.

ಎಂದರೆ ಅಂಗಡಿಯ ಭರವಸೆ ಬೇರೆ, ತಯಾರಕರ ಭರವಸೆ ಬೇರೆ ಎಂಬುದನ್ನು ಕಾನೂನೇ ಗುರುತಿಸಿದೆ. ಆ ತಂದೆ ಸಭೆಯಲ್ಲಿ ಹೇಳಿದ್ದೂ ಇದನ್ನೇ. ಮೂರನೆಯ ಅಂಶವನ್ನು ಓದಿದಾಗ ನಮಗೆ ಇನ್ನೊಂದು ವಿಷಯ ಹೊಳೆಯಿತು. ಚೆಂಡು ಉಬ್ಬಿದ್ದು ಮೂರನೆಯ ವಾರದಲ್ಲಿ. ಬಿಲ್ಲು ಒಂದಿದ್ದಿದ್ದರೆ ಅಂಗಡಿಯವರ ಗ್ಯಾರಂಟಿಯ ಮಾತನ್ನು ಎತ್ತದೆಯೇ ನಾವು ನಮ್ಮ ಹಕ್ಕನ್ನು ಕೇಳಬಹುದಾಗಿತ್ತು.

ಬೇರೆ ದೇಶಗಳಲ್ಲಿಯೂ ಇಂಥ ಏರ್ಪಾಡುಗಳಿವೆ. ಬ್ರಿಟನ್ನಿನಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯಿದೆ ಪ್ರಕಾರ ದೋಷವಿರುವ ಸಾಮಾನನ್ನು 30 ದಿನಗಳೊಳಗೆ ಅಂಗಡಿಗೆ ಹಿಂದಿರುಗಿಸಿ ಹಣ ಪಡೆಯಬಹುದು. ಅಲ್ಲಿಯೂ ಮೊದಲ ಹೊಣೆ ಮಾರಿದವರದು.

ದೋಷ ಯಾವುದು, ಸವೆತ ಯಾವುದು?

ಆಟದ ಸಾಮಾನಿಗೂ ಗೋಡೆಯ ಗಡಿಯಾರಕ್ಕೂ ಒಂದು ವ್ಯತ್ಯಾಸವಿದೆ. ಗಡಿಯಾರವನ್ನು ಯಾರೂ ಹೊಡೆಯುವುದಿಲ್ಲ. ಬ್ಯಾಟು, ಚೆಂಡುಗಳು ಇರುವುದೇ ಹೊಡೆಯುವುದಕ್ಕೆ ಮತ್ತು ಹೊಡೆಸಿಕೊಳ್ಳುವುದಕ್ಕೆ. ಆದ್ದರಿಂದ 'ಇದು ಆಟದಿಂದ ಸವೆದದ್ದು' ಎಂದು ಕಂಪನಿಯವರು ಹೇಳುವುದು ಸುಲಭ. ಕೆಲವು ಉದಾಹರಣೆಗಳನ್ನು ನೋಡೋಣ.

ವಾಲಿಬಾಲ್: ಅಂತರರಾಷ್ಟ್ರೀಯ ನಿಯಮದಂತೆ ಇದರ ಸುತ್ತಳತೆ 65ರಿಂದ 67 ಸೆಂಟಿಮೀಟರ್, ತೂಕ 260ರಿಂದ 280 ಗ್ರಾಂ, ಒಳಗಿನ ಗಾಳಿಯ ಒತ್ತಡ ಚದರ ಸೆಂಟಿಮೀಟರಿಗೆ 0.30ರಿಂದ 0.325 ಕಿಲೋಗ್ರಾಂ. ಸರಿಯಾದ ಒತ್ತಡದಲ್ಲಿಯೂ ಹೊಲಿಗೆಯೋ ಅಂಟೋ ಬಿಟ್ಟರೆ ತಯಾರಿಕೆಯ ದೋಷವೆನ್ನಬಹುದು. ಸೈಕಲ್ ಪಂಪಿನಿಂದ ಮನಬಂದಂತೆ ಗಾಳಿ ತುಂಬಿ ಉಬ್ಬಿಸಿದರೆ ಅದು ನಮ್ಮ ದೋಷ. ಸೊಟ್ಟಪ್ಪನಿಗೂ ನಾವು ಸೈಕಲ್ ಪಂಪಿನಿಂದಲೇ ಗಾಳಿ ತುಂಬಿದ್ದೆವು. ಒತ್ತಡ ಅಳೆಯುವ ಮಾಪಕ ನಮ್ಮಲ್ಲಿರಲಿಲ್ಲ. ಆದ್ದರಿಂದ ತಪ್ಪೆಲ್ಲ ಅಂಗಡಿಯವರದೇ ಎಂದು ನಾವು ಎದೆ ತಟ್ಟಿ ಹೇಳಲಾರೆವು.

ಕ್ರಿಕೆಟ್ ಬ್ಯಾಟು: ಬೆತ್ತದ ಹಿಡಿಯನ್ನು ಮರದ ಹಲಗೆಯೊಳಗೆ ಬೆಣೆಯಂತೆ ಸೇರಿಸಿ ಅಂಟಿಸಿರುತ್ತಾರೆ. ಆ ಸೇರುವೆ ಬೇಗನೆ ಬಿಟ್ಟರೆ ಅದು ಮಾಡಿದವರ ದೋಷವಾಗಿರುವ ಸಂಭವ ಹೆಚ್ಚು. ಅಂಚು ಸೀಳುವುದು, ತುದಿ ಒಡೆಯುವುದು, ನೀರಿಳಿದು ಊದುವುದು ಬಳಕೆಯಿಂದ ಆಗುವಂಥವು. ಟೆನಿಸ್ ಚೆಂಡಿಗೆಂದು ಮಾಡಿದ ಬ್ಯಾಟಿನಿಂದ ತೊಗಲಿನ ಚೆಂಡನ್ನು ಹೊಡೆದರೆ ಯಾವ ಭರವಸೆಯೂ ಉಳಿಯುವುದಿಲ್ಲ.

ರಾಕೆಟ್: ಗಟ್ ಸವೆಯುವ ವಸ್ತುವಾದ್ದರಿಂದ ಅದಕ್ಕೆ ಸಾಮಾನ್ಯವಾಗಿ ವಾರಂಟಿ ಇರುವುದಿಲ್ಲ. ಚೌಕಟ್ಟಿಗೆ ಇದ್ದರೂ ಅಚ್ಚಾದ ಬಿಗಿತವನ್ನು ಮೀರಬಾರದು. ಗರಿಯ ಶಟಲ್ ಕಾಕಿನ ಆಯುಸ್ಸು ಆಟದಷ್ಟೇ. ಅದಕ್ಕೆ ಭರವಸೆ ಕೇಳುವುದು ಸಲ್ಲದು.

ಗಡಿಯಲ್ಲಿರುವ ನಮಗೆ

ನಮ್ಮದು ತಮಿಳುನಾಡಿನ ಈರೋಡ್ ಜಿಲ್ಲೆ, ಮಾತು ಕನ್ನಡ, ಸಂತೆ, ಪೇಟೆಯ ಕೆಲಸಕ್ಕೆ ಹಲವು ಬಾರಿ ಕರ್ನಾಟಕ. ಹಿಂದಿನ ಕಾಯಿದೆಯಡಿ ಇದರಿಂದ ಒಂದು ತೊಡಕಿತ್ತು. ಸಾಮಾನ್ಯವಾಗಿ ಎದುರು ಪಕ್ಷದವರು ಇರುವ ಅಥವಾ ವ್ಯವಹಾರ ನಡೆದ ಸ್ಥಳದಲ್ಲಿ ದೂರು ಕೊಡಬೇಕಾಗಿತ್ತು. 2019ರ ಕಾಯಿದೆಯಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಮೈಸೂರಿನಲ್ಲಿ ಕೊಂಡ ಬ್ಯಾಟಿನ ಬಗ್ಗೆ ತಿಗನಾರೆಯವರು ಈರೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಈರೋಡೂ ನಮಗೆ ನೂರು ಕಿಲೋಮೀಟರಿಗಿಂತ ದೂರ. ಅದಕ್ಕೂ ಅನುಕೂಲವಿದೆ. 'ಇ-ಜಾಗೃತಿ' ಎಂಬ ಸರ್ಕಾರದ ಅಂತರ್ಜಾಲ ವ್ಯವಸ್ಥೆಯ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು. ವಿಡಿಯೋ ಮೂಲಕ ವಿಚಾರಣೆ ಕೇಳಿಕೊಳ್ಳಲೂ ಕಾಯಿದೆಯಲ್ಲಿ ಅವಕಾಶವಿದೆ. ಕೊಟ್ಟ ಬೆಲೆ 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ದೂರು ಕೊಡಲು ಎರಡು ವರ್ಷ ಕಾಲಾವಕಾಶವಿದೆ.

ಆದರೆ ಅಷ್ಟು ದೂರ ಹೋಗುವ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಮಾತನಾಡಬಹುದು. ಅವರು ಕಂಪನಿಗೆ ವಿಷಯ ತಿಳಿಸಿ ರಾಜಿಯ ದಾರಿ ಹುಡುಕುತ್ತಾರೆ.

ಕೊಳ್ಳುವಾಗ ಗಮನಿಸಬೇಕಾದವು

1. ಬಿಲ್ಲಿಲ್ಲದೆ ಏನನ್ನೂ ಕೊಳ್ಳಬಾರದು. ಬಿಲ್ಲಿನಲ್ಲಿ ತಾರೀಕು, ಸಾಮಾನಿನ ಹೆಸರು, ಬೆಲೆ ಇರಬೇಕು.

2. "ಕೆಟ್ಟರೆ ಯಾರು ನೋಡಿಕೊಳ್ಳುತ್ತೀರಿ, ನೀವೋ ಕಂಪನಿಯವರೋ?" ಎಂದು ಹಣ ಕೊಡುವ ಮೊದಲೇ ಕೇಳಬೇಕು.

3. ಅಂಗಡಿಯವರು ಮಾತು ಕೊಟ್ಟರೆ ಅದನ್ನು ಬಿಲ್ಲಿನ ಮೇಲೆಯೇ ಬರೆಸಿ ಸಹಿ ಹಾಕಿಸಬೇಕು. ಇದು ಅವಿಶ್ವಾಸವಲ್ಲ, ಇಬ್ಬರ ನೆನಪಿಗೂ ಸಹಾಯ.

4. ತಯಾರಕರ ಚೀಟಿ ಇದ್ದರೆ ಅಲ್ಲಿಯೇ ತಾರೀಕು, ಮೊಹರು ಹಾಕಿಸಬೇಕು. ಡಬ್ಬಿಯನ್ನು ಬಿಸಾಡಬಾರದು, ತಯಾರಕರ ವಿಳಾಸವೂ ದೂರು ಹೇಳುವ ಸಂಖ್ಯೆಯೂ ಅದರ ಮೇಲಿರುತ್ತವೆ.

5. ಚೆಂಡಿಗೆ ಗಾಳಿ ತುಂಬಿಸಿ, ಬ್ಯಾಟಿನ ಹಿಡಿ ಅಲುಗಾಡಿಸಿ, ರಾಕೆಟ್ಟಿನ ಚೌಕಟ್ಟನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಬೇಕು.

6. ದೋಷ ಕಂಡ ದಿನವೇ ಆಟ ನಿಲ್ಲಿಸಿ, ಫೋಟೋ ತೆಗೆದು, ಅಂಗಡಿಗೆ ತಿಳಿಸಬೇಕು. ತಾವೇ ಅಂಟು ಹಚ್ಚಿ, ಮೊಳೆ ಹೊಡೆದರೆ ಎರಡು ಭರವಸೆಗಳೂ ಹೋಗಬಹುದು.

ಅಂಗಡಿಯದು ಒಳ್ಳೆಯದೋ, ತಯಾರಕರದು ಒಳ್ಳೆಯದೋ ಎಂದು ಮಕ್ಕಳು ಕೇಳುತ್ತಾರೆ. ಮೊದಲ ತಿಂಗಳಲ್ಲಿ ಕೆಡುವ ಚೆಂಡು, ಬ್ಯಾಟಿನಂಥ ಸಾಮಾನಿಗೆ ಬರಹದಲ್ಲಿರುವ ಅಂಗಡಿಯ ಭರವಸೆ ಹೆಚ್ಚು ಉಪಯುಕ್ತ. ಹಲವು ವರ್ಷ ಬಾಳಬೇಕಾದ, ಬೆಲೆ ಹೆಚ್ಚಿನ ಸಾಮಾನಿಗೆ ತಯಾರಕರ ಭರವಸೆ ಬೇಕು. ಎರಡೂ ದೊರೆತರೆ ಎರಡನ್ನೂ ಪಡೆಯಬೇಕು. ಒಂದನ್ನು ಪಡೆದವರು ಇನ್ನೊಂದನ್ನು ಬಿಟ್ಟುಕೊಡಬೇಕಾಗಿಲ್ಲ.

ಈ ಮಾತು ಆಟದ ಸಾಮಾನಿಗೆ ಮಾತ್ರವಲ್ಲ. ಕೊಳವೆ ಬಾವಿಯ ಮೋಟಾರು, ಔಷಧಿ ಹೊಡೆಯುವ ಪಂಪು, ಬಿತ್ತನೆಯ ಬೀಜದ ಪೊಟ್ಟಣ ಇವುಗಳಲ್ಲಿಯೂ ಅಂಗಡಿಯವರ ಮಾತು ಒಂದು, ಕಂಪನಿಯ ಬರಹ ಒಂದು. ಚೆಂಡು ಹೋದರೆ ಒಂದು ಆಟ ನಿಲ್ಲುತ್ತದೆ. ಬೀಜ ಹುಟ್ಟದಿದ್ದರೆ ಒಂದು ವರ್ಷದ ಅನ್ನ ಹೋಗುತ್ತದೆ.

ಈಗ ನಮ್ಮ ಆಟದ ಕೋಣೆಯಲ್ಲಿ ಒಂದು ಖರೀದಿ ಪುಸ್ತಕವಿದೆ. ಪ್ರತಿ ಪುಟಕ್ಕೆ ಒಂದು ಬಿಲ್ಲು, ಒಂದು ವಾರಂಟಿ ಚೀಟಿ, ಭರವಸೆ ಮುಗಿಯುವ ತಾರೀಕು. ಅದನ್ನು ಒಂಬತ್ತನೆಯ ತರಗತಿಯ ಇಬ್ಬರು ವಿದ್ಯಾರ್ಥಿಗಳು ನೋಡಿಕೊಳ್ಳುತ್ತಾರೆ. ಮೊದಲ ಪುಟವನ್ನು ಮಾತ್ರ ಖಾಲಿ ಬಿಟ್ಟಿದ್ದೇವೆ. ಅದು ಸೊಟ್ಟಪ್ಪನ ಪುಟ.

ಅಭ್ಯಾಸ

1. ಅಂಗಡಿಯ ಭರವಸೆಗೂ ತಯಾರಕರ ಭರವಸೆಗೂ ಇರುವ ಮೂರು ವ್ಯತ್ಯಾಸಗಳನ್ನು ಬರೆಯಿರಿ.

2. ನಿಮ್ಮ ಮನೆಯಲ್ಲಿರುವ ಯಾವುದಾದರೂ ಒಂದು ವಾರಂಟಿ ಚೀಟಿಯನ್ನು ಓದಿ, ಅದರ ಷರತ್ತುಗಳನ್ನು ಕನ್ನಡದಲ್ಲಿ ಬರೆದು ತಂದೆತಾಯಿಗಳಿಗೆ ಓದಿ ಹೇಳಿರಿ.

3. ಸೊಟ್ಟಪ್ಪನ ವಿಷಯದಲ್ಲಿ ಅಂಗಡಿಯವರ ತಪ್ಪುಗಳಾವುವು? ನಮ್ಮ ತಪ್ಪುಗಳಾವುವು? ಚರ್ಚಿಸಿರಿ.